75 ಸಾವಿರದೊಳಗೆ ಗೇಮಿಂಗ್ ಲ್ಯಾಪ್‌ಟಾಪ್: ಗ್ರಾಫಿಕ್ಸ್ ಮೊದಲು, ಸ್ಟೋರೇಜ್ ಆಮೇಲೆ

2025ರ ಆಗಸ್ಟ್‌ನಲ್ಲಿ ನಮ್ಮ ಚಿಕ್ಕಪ್ಪ ಪಾಂಡವಪುರದ ಕಡೆಯಿಂದ ಬಸ್ಸು ಹತ್ತಿ ಮಂಡ್ಯದ ನನ್ನ ಅಂಗಡಿಗೆ ಬಂದರು. ಜೊತೆಗೆ ಅವರ ಮಗ ಚೇತು. ಅವನಿಗೆ ಇಂಜಿನಿಯರಿಂಗ್ ಸೀಟು ಸಿಕ್ಕಿತ್ತು. ಚಿಕ್ಕಪ್ಪ ಚೀಲದಿಂದ ನಾಲ್ಕು ಅಚ್ಚು ಬೆಲ್ಲ ತೆಗೆದು ಮೇಜಿನ ಮೇಲಿಟ್ಟರು. "ಆಲೆಮನೆಗೆ ಕಬ್ಬು ಹೊಡೆದ ದುಡ್ಡು ಬಂದೈತೆ ಕಣವ್ವ. ಎಪ್ಪತ್ತೈದು ಸಾವಿರ. ಅದ್ರ ಮೇಲೆ ಒಂದು ರೂಪಾಯಿ ಇಲ್ಲ. ಓದೋಕೂ ಆಗ್ಬೇಕು, ಆಟ ಆಡೋಕೂ ಆಗ್ಬೇಕಂತೆ. ನೀನೇ ನೋಡಿ ಕೊಡ್ಸು" ಅಂದರು.

ಚೇತು ಫೋನಿನಲ್ಲಿ ಎರಡು ಲ್ಯಾಪ್‌ಟಾಪ್ ತೋರಿಸಿದ. ಒಂದರಲ್ಲಿ ಎನ್‌ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 3050 ಅನ್ನುವ ಗ್ರಾಫಿಕ್ಸ್ ಚಿಪ್ಪು, ಅದೂ 4 ಜಿಬಿ ಮೆಮೊರಿಯದು, ಜೊತೆಗೆ ಆಟ, ಫೈಲು ಎಲ್ಲಾ ಇಡುವ 1 ಟಿಬಿ ಎಸ್‌ಎಸ್‌ಡಿ. ಇನ್ನೊಂದರಲ್ಲಿ 6 ಜಿಬಿಯ ಆರ್‌ಟಿಎಕ್ಸ್ 4050, ಆದರೆ ಎಸ್‌ಎಸ್‌ಡಿ 512 ಜಿಬಿ ಮಾತ್ರ. ಎರಡನೆಯದು ಸ್ವಲ್ಪ ದುಬಾರಿ, ಆದರೂ ಬಜೆಟ್ ಒಳಗೇ ಇತ್ತು.

"ಅಕ್ಕ, ಮೊದಲನೇದ್ರಲ್ಲಿ ಸ್ಟೋರೇಜ್ ಡಬಲ್ ಇದೆ, ದುಡ್ಡೂ ಕಮ್ಮಿ. ಅದೇ ಸರಿ ಅಲ್ವಾ?"

ಜಾಸ್ತಿ ಜನ ಎಡವುವುದು ಇಲ್ಲೇ. 11 ವರ್ಷದಿಂದ ಲ್ಯಾಪ್‌ಟಾಪ್ ರಿಪೇರಿ ಮಾಡುತ್ತಿದ್ದೇನೆ. "ಗ್ರಾಫಿಕ್ಸ್ ಜಾಸ್ತಿ ಮಾಡಿಸಿಕೊಡಿ" ಅಂತ ಕೇಳಿಕೊಂಡು ಬಂದ ಹುಡುಗರನ್ನೆಲ್ಲ ಬರಿಗೈಲಿ ವಾಪಸ್ ಕಳಿಸಬೇಕಾಗಿದೆ. ಈ ಬಜೆಟ್‌ನ ಲ್ಯಾಪ್‌ಟಾಪ್‌ಗಳಲ್ಲಿ ಗ್ರಾಫಿಕ್ಸ್ ಚಿಪ್ಪನ್ನೂ ಅದರ ಮೆಮೊರಿಯನ್ನೂ ಮದರ್‌ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಕೊಂಡ ದಿನ 4 ಜಿಬಿ ಇದ್ದರೆ ಗುಜರಿಗೆ ಹಾಕುವ ದಿನವೂ 4 ಜಿಬಿಯೇ. ಎಸ್‌ಎಸ್‌ಡಿ ಹಾಗಲ್ಲ. ಅದನ್ನು ಹಿಡಿದಿರುವುದು ಒಂದೇ ಒಂದು ಪುಟ್ಟ ಸ್ಕ್ರೂ. ಬಿಚ್ಚಿದರೆ ಹತ್ತು ನಿಮಿಷದಲ್ಲಿ ಬದಲಾಯಿಸಬಹುದು.

ಚಿಕ್ಕಪ್ಪನಿಗೆ ಬೇರೆ ಥರ ಕೇಳಿದೆ. "ಆಲೆಮನೇಲಿ ಒಲೆ ಮೇಲೆ ಕೂರಿಸಿದ ಕೊಪ್ಪರಿಗೆ ಚಿಕ್ಕದಾದ್ರೆ ಏನ್ಮಾಡ್ತೀರಿ?"

"ಒಲೇನೇ ಒಡೆದು ಕಟ್ಬೇಕು."

"ಕಬ್ಬು ಒಟ್ಟೋ ಜಾಗ ಸಾಲದಿದ್ರೆ?"

"ಅದಕ್ಕೇನು, ಪಕ್ಕದಲ್ಲಿ ಒಟ್ಟುದ್ರಾಯ್ತು."

"ಗ್ರಾಫಿಕ್ಸ್ ಅಂದ್ರೆ ಕೊಪ್ಪರಿಗೆ ಚಿಕ್ಕಪ್ಪ. ಸ್ಟೋರೇಜ್ ಅಂದ್ರೆ ಕಬ್ಬು ಒಟ್ಟೋ ಜಾಗ."

ಚಿಕ್ಕಪ್ಪ ಮಗನ ಕಡೆ ತಿರುಗಿ, "ಎರಡನೇದೇ ತಗೊಳ್ಳಲಾ" ಅಂದರು. ಆದರೆ ಎರಡನೆಯದನ್ನೂ ನಾವು ಕಣ್ಣು ಮುಚ್ಚಿಕೊಂಡು ಕೊಳ್ಳಲಿಲ್ಲ. ಮಾರನೇ ದಿನ ಮೈಸೂರಿಗೆ ಹೋಗಿ, ದೇವರಾಜ ಅರಸು ರಸ್ತೆಯಲ್ಲಿ ಮೂರು ಅಂಗಡಿ ಸುತ್ತಿ, ಒಂದೊಂದನ್ನೂ ಆನ್ ಮಾಡಿಸಿ ನೋಡಿದೆವು. ಏನೇನು ನೋಡಿದೆವು, ಯಾಕೆ ನೋಡಿದೆವು ಅನ್ನುವುದನ್ನೇ ಇಲ್ಲಿ ಬರೆದಿದ್ದೇನೆ.

"8 ಜಿಬಿ ಗ್ರಾಫಿಕ್ಸ್" ಅಂದರೆ ನಂಬಬೇಡಿ, ತೋರಿಸಿ ಅನ್ನಿ

ಇದನ್ನು ನಾನು ಕಲಿತಿದ್ದು ನಷ್ಟ ಮಾಡಿಕೊಂಡು. 2021ರಲ್ಲಿ ನನ್ನ ಸ್ವಂತ ತಮ್ಮನಿಗೆ ಲ್ಯಾಪ್‌ಟಾಪ್ ಕೊಡಿಸಿದೆ. ಅಂಗಡಿಯವರು "8 ಜಿಬಿ ಗ್ರಾಫಿಕ್ಸ್ ಮೇಡಂ" ಅಂದರು, ಪರದೆಯ ಮೇಲೆ ಅಂಕಿಯನ್ನೂ ತೋರಿಸಿದರು. ಅವಸರದಲ್ಲಿದ್ದೆ, ಒಪ್ಪಿಕೊಂಡೆ. ಮನೆಗೆ ಬಂದು ಸರಿಯಾಗಿ ನೋಡಿದರೆ ಗ್ರಾಫಿಕ್ಸ್‌ನ ಸ್ವಂತ ಮೆಮೊರಿ 4 ಜಿಬಿ ಮಾತ್ರ. ಉಳಿದ 4 ಜಿಬಿ ಲ್ಯಾಪ್‌ಟಾಪ್‌ನ ಸಾಮಾನ್ಯ ಮೆಮೊರಿಯಾದ ರ್‍ಯಾಮ್‌ನಿಂದ ಎರವಲು. ಎರಡನ್ನೂ ಕೂಡಿಸಿ ಹೇಳಿದ್ದರು. ವಾಪಸ್ ತೆಗೆದುಕೊಳ್ಳಲಿಲ್ಲ. ತಮ್ಮ ಏನೂ ಅನ್ನಲಿಲ್ಲ, ಆದರೆ ನನಗೆ ಇವತ್ತಿಗೂ ಬೇಜಾರಿದೆ.

ನೋಡುವ ದಾರಿ ಹೀಗಿದೆ. ಅಂಗಡಿಯಲ್ಲಿ ಲ್ಯಾಪ್‌ಟಾಪ್ ಆನ್ ಮಾಡಿಸಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪರ್ಫಾರ್ಮೆನ್ಸ್ ಅನ್ನುವ ಕಡೆ ಹೋದರೆ ಎಡಗಡೆ ಜಿಪಿಯು 0, ಜಿಪಿಯು 1 ಅಂತ ಎರಡು ಇರುತ್ತವೆ. ಜಿಪಿಯು ಅಂದರೆ ಗ್ರಾಫಿಕ್ಸ್ ಚಿಪ್ಪು. ಒಂದು ಪ್ರೊಸೆಸರ್ ಜೊತೆ ಬರುವ ಸಾಧಾರಣ ಗ್ರಾಫಿಕ್ಸ್, ಇನ್ನೊಂದು ಎನ್‌ವಿಡಿಯಾ. ಎನ್‌ವಿಡಿಯಾ ಮೇಲೆ ಒತ್ತಿ. ಕೆಳಗಡೆ 'ಡೆಡಿಕೇಟೆಡ್ ಜಿಪಿಯು ಮೆಮೊರಿ' ಅಂತ ಇರುತ್ತದೆ. ಅದೊಂದೇ ನಿಮ್ಮದು. 'ಶೇರ್ಡ್' ಅಂತ ಇರುವುದು ರ್‍ಯಾಮ್‌ನಲ್ಲಿ ಅರ್ಧ. ಬರೀ 'ಜಿಪಿಯು ಮೆಮೊರಿ' ಅಂತ ಇರುವುದು ಎರಡರ ಮೊತ್ತ. ನಮ್ಮ ತಮ್ಮನ ಲ್ಯಾಪ್‌ಟಾಪ್‌ನಲ್ಲಿ ನನಗೆ ತೋರಿಸಿದ್ದು ಆ ಮೊತ್ತವನ್ನು.

ಈ ಮೆಮೊರಿ ಯಾಕೆ ಇಷ್ಟು ಮುಖ್ಯ? ಗೋಡೆ, ನೆಲ, ಮರ, ಮುಖ ಹೀಗೆ ಪರದೆಯ ಮೇಲೆ ಕಾಣುವ ಪ್ರತಿಯೊಂದರ ಚಿತ್ರವೂ ಆಟ ನಡೆಯುವಾಗ ಅಲ್ಲಿ ಕೂತಿರಬೇಕು. ಜಾಗ ಸಾಲದಿದ್ದರೆ ಉಳಿದದ್ದು ರ್‍ಯಾಮ್‌ಗೆ ಹೋಗುತ್ತದೆ. ಅಲ್ಲಿಂದ ಎಳೆದು ತರುವಷ್ಟರಲ್ಲಿ ಆಟ ತಡವರಿಸುತ್ತದೆ. ಫ್ರೇಮ್ ಲೆಕ್ಕ, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರ ಬರುತ್ತದೆ ಅನ್ನುವುದು, ನೋಡಿದರೆ 50 ಅಂತ ತೋರಿಸುತ್ತಿರುತ್ತದೆ, ಆದರೆ ತಿರುವಿನಲ್ಲಿ ಗಾಡಿ ಗಕ್ಕಂತ ನಿಂತು ಹೋಗುತ್ತದೆ. 4 ಜಿಬಿಯವರು ಆಗ ಮೊದಲು ಇಳಿಸಬೇಕಾದದ್ದು ಟೆಕ್ಸ್ಚರ್ ಸೆಟ್ಟಿಂಗ್, ಅಂದರೆ ಆ ಗೋಡೆ, ನೆಲದ ಚಿತ್ರಗಳು ಎಷ್ಟು ಸೂಕ್ಷ್ಮವಾಗಿರಬೇಕು ಅನ್ನುವುದು. ನೆರಳು ಆಮೇಲೆ.

ವ್ಯಾಲೊರಂಟ್, ಕೌಂಟರ್ ಸ್ಟ್ರೈಕ್ ಥರದ ಆಟಗಳಷ್ಟೇ ಆಡುವುದಾದರೆ 4 ಜಿಬಿ ಇವತ್ತಿಗೂ ನಡೆಯುತ್ತದೆ. ದೊಡ್ಡ ಕತೆಯ ಹೊಸ ಆಟಗಳು ಬೇಕು, ನಾಲ್ಕು ವರ್ಷ ಇದೇ ಲ್ಯಾಪ್‌ಟಾಪ್‌ನಲ್ಲಿ ಓದು ಮುಗಿಸಬೇಕು ಅನ್ನುವವರು 6 ಜಿಬಿಗಿಂತ ಕಡಿಮೆ ಕೊಳ್ಳಬೇಡಿ. 8 ಜಿಬಿ ಸಿಕ್ಕರೆ ಬಿಡಬೇಡಿ.

ಹೆಸರುಗಳ ಗೊಂದಲವೂ ಇದೆ. ಆರ್‌ಟಿಎಕ್ಸ್ 2050 ಇದೆಯಲ್ಲ, ಅದು ಹೆಸರಿಗೆ 20ರ ಸಾಲಿನದು, ಒಳಗಿರುವುದು 3050ರ ಪೀಳಿಗೆಯ ಚಿಪ್ಪು. 4 ಜಿಬಿ ಮೆಮೊರಿ, ಆದರೆ ಅದಕ್ಕೆ ಹೋಗುವ ದಾರಿ 64 ಬಿಟ್ ಅಗಲ. 4 ಜಿಬಿಯ 3050ರಲ್ಲಿ ಅದೇ ದಾರಿ 128 ಬಿಟ್. ಅಂದರೆ 2050ರದ್ದು ಅರ್ಧ ತೆರೆದ ತೂಬು. 3050ರಲ್ಲೇ ಎರಡು ಥರ: 2021ರಲ್ಲಿ ಬಂದ 4 ಜಿಬಿಯದು, 2023ರಲ್ಲಿ ಬಂದ 6 ಜಿಬಿಯದು. ಪೆಟ್ಟಿಗೆಯ ಮೇಲೆ ಎರಡಕ್ಕೂ 3050 ಅಂತಲೇ ಹೆಸರು, ಹಾಗಾಗಿ ಜಿಬಿ ಕೇಳಲೇಬೇಕು. 4050ಕ್ಕೆ 6 ಜಿಬಿ. 4060ಕ್ಕೆ 8 ಜಿಬಿ. 2025ರಲ್ಲಿ ಬಂದ 5050, 5060 ಎರಡಕ್ಕೂ 8 ಜಿಬಿ. ಬಜೆಟ್‌ನಲ್ಲಿ 5050 ಸಿಗುವ ಹಾಗಿದ್ದರೆ ನಾನು 4050ನ್ನು ಬಿಟ್ಟು ಅದನ್ನೇ ತೆಗೆದುಕೊಳ್ಳುತ್ತೇನೆ, ಆ 2 ಜಿಬಿಗಾಗಿಯೇ. ಆ ದಿನ ನಮ್ಮ ದುಡ್ಡಿಗೆ ಸಿಗಲಿಲ್ಲ.

40ರ ಸಾಲಿನಿಂದ ಮುಂದಿನವುಗಳಲ್ಲಿ ಫ್ರೇಮ್ ಜನರೇಷನ್ ಅನ್ನುವ ಸೌಲಭ್ಯ ಇದೆ. ಎರಡು ಫ್ರೇಮ್‌ಗಳ ನಡುವೆ ಒಂದನ್ನು ಚಿಪ್ಪೇ ಹುಟ್ಟಿಸಿ ಸೇರಿಸುತ್ತದೆ. ಎನ್‌ವಿಡಿಯಾ ಇದನ್ನು 30ರ ಸಾಲಿಗೆ ಕೊಟ್ಟಿಲ್ಲ. ಚೆನ್ನಾಗಿದೆ, ಆದರೆ ಇದೊಂದನ್ನೇ ನೆಚ್ಚಿಕೊಂಡು ಕೊಳ್ಳಬೇಡಿ. ಮೂಲದಲ್ಲೇ 25 ಫ್ರೇಮ್ ಬರುತ್ತಿದ್ದರೆ ಅದನ್ನು 50 ಅಂತ ತೋರಿಸಿದರೂ ಕೈಗೆ ಮಂದವಾಗಿಯೇ ಇರುತ್ತದೆ.

ಹೆಸರು ಒಂದೇ, ವ್ಯಾಟ್ ಬೇರೆ

ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿ ಬರೆಯದ ವಿಷಯ ಇದು. ಕೊಳ್ಳುವವರು ಕೇಳಲೇಬೇಕಾದದ್ದೂ ಇದೇ.

ಎನ್‌ವಿಡಿಯಾ ಲ್ಯಾಪ್‌ಟಾಪ್‌ನ 4050ಕ್ಕೆ 35ರಿಂದ 115 ವ್ಯಾಟ್‌ವರೆಗೆ ಅವಕಾಶ ಕೊಟ್ಟಿದೆ. ಲ್ಯಾಪ್‌ಟಾಪ್ ಮಾಡುವ ಕಂಪನಿ ತನ್ನ ಫ್ಯಾನ್, ಚಾರ್ಜರ್, ದಪ್ಪ ನೋಡಿಕೊಂಡು ಎಷ್ಟು ಕೊಡಬೇಕು ಅಂತ ತೀರ್ಮಾನಿಸುತ್ತದೆ. 3050ಕ್ಕೆ 35ರಿಂದ 80 ವ್ಯಾಟ್. ಹಾಗಾಗಿ 45 ವ್ಯಾಟ್‌ನ 4050ಕ್ಕೂ 100 ವ್ಯಾಟ್‌ನ 4050ಕ್ಕೂ ಹೆಸರು ಒಂದೇ, ಓಟ ಬೇರೆ ಬೇರೆ. ಊರಿನಲ್ಲಿ ಮೋಟಾರ್ ಇಟ್ಟವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಮೋಟಾರ್ ಮೇಲೆ 5 ಎಚ್‌ಪಿ ಅಂತ ಬರೆದಿರುತ್ತದೆ. ವೋಲ್ಟೇಜ್ ಬರದಿದ್ದರೆ ನೀರು ಎತ್ತುವುದಿಲ್ಲ.

ಅಂಗಡಿಯಲ್ಲಿ ನೋಡುವುದು ಹೇಗೆ? ಡೆಸ್ಕ್‌ಟಾಪ್ ಮೇಲೆ ರೈಟ್ ಕ್ಲಿಕ್ ಮಾಡಿ ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್ ತೆರೆಯಿರಿ. ಹೆಲ್ಪ್ ಮೆನುವಿನಲ್ಲಿ ಸಿಸ್ಟಮ್ ಇನ್ಫರ್ಮೇಷನ್ ಇದೆ. ಅಲ್ಲಿ 'ಮ್ಯಾಕ್ಸಿಮಮ್ ಗ್ರಾಫಿಕ್ಸ್ ಪವರ್' ಅನ್ನುವ ಸಾಲು ಹುಡುಕಿ. ಮನೆಯಿಂದಲೇ ನೋಡಬೇಕಾದರೆ ಕಂಪನಿಯ ವೆಬ್‌ಸೈಟಿನ ಪೂರ್ತಿ ಸ್ಪೆಕ್ ಶೀಟ್ ಓದಿ. ಲೆನೊವೊದವರು ಪಿಎಸ್‌ರೆಫ್ ಅನ್ನುವ ತಾಣದಲ್ಲಿ ಗ್ರಾಫಿಕ್ಸ್ ವ್ಯಾಟ್, ಎಂ.2 ಸ್ಲಾಟ್ (ಎಸ್‌ಎಸ್‌ಡಿ ಕೂರಿಸುವ ಜಾಗ) ಎಷ್ಟು, ಪರದೆ ಎಂಥದ್ದು ಎಲ್ಲವನ್ನೂ ಬಿಡಿಸಿ ಬರೆದಿರುತ್ತಾರೆ. ಹುಡುಕುವಾಗ ಮಾಡೆಲ್ ನಂಬರನ್ನು ಕೊನೆಯ ಅಕ್ಷರದವರೆಗೂ ಸರಿಯಾಗಿ ಹಾಕಿ. ಒಂದೇ ಹೆಸರಿನ ಲ್ಯಾಪ್‌ಟಾಪ್‌ನಲ್ಲಿ ಹತ್ತಾರು ಬಗೆ ಇರುತ್ತವೆ.

ಎರಡೂ ಆಗದಿದ್ದರೆ ಚಾರ್ಜರ್ ತೆಗೆಸಿ ಅದರ ಹಿಂದಿನ ಚೀಟಿ ಓದಿ. ವೋಲ್ಟ್ ಮತ್ತು ಆಂಪಿಯರ್ ಗುಣಿಸಿದರೆ ವ್ಯಾಟ್. ಚೇತು ಇಷ್ಟಪಟ್ಟ ಇನ್ನೊಂದು ತೆಳ್ಳನೆಯ ಲ್ಯಾಪ್‌ಟಾಪ್‌ನ ಚಾರ್ಜರ್ ಮೇಲೆ 20 ವೋಲ್ಟ್, 6 ಆಂಪಿಯರ್ ಅಂತ ಇತ್ತು. 120 ವ್ಯಾಟ್. ಅದರಲ್ಲಿ ಪ್ರೊಸೆಸರ್, ಪರದೆ, ಫ್ಯಾನ್ ಎಲ್ಲಾ ಸಾಕಬೇಕು. ಗ್ರಾಫಿಕ್ಸ್‌ಗೆ 100 ವ್ಯಾಟ್ ಎಲ್ಲಿಂದ ಬಂದೀತು? ನಾವು ಕೊಂಡದ್ದರ ಚಾರ್ಜರ್ 20 ವೋಲ್ಟ್, 10 ಆಂಪಿಯರ್. 200 ವ್ಯಾಟ್. ಇಟ್ಟಿಗೆಯಷ್ಟು ಭಾರ ಇದೆ ನಿಜ, ಹಾಸ್ಟೆಲ್‌ಗೆ ಹೊರುವುದು ಕಷ್ಟ ಅಂತ ಚೇತು ಗೊಣಗಿದ್ದೂ ನಿಜ. ಆದರೆ ಆಟ ಆಡುವ ಲ್ಯಾಪ್‌ಟಾಪ್‌ಗೆ ಅದು ಬೇಕು. ಬ್ಯಾಟರಿಯಲ್ಲಿ ಆಡಿದರೆ ಯಾವ ಗೇಮಿಂಗ್ ಲ್ಯಾಪ್‌ಟಾಪ್ ಆದರೂ ವೇಗ ಇಳಿಸಿಕೊಳ್ಳುತ್ತದೆ.

ಮಕ್ಸ್ ಸ್ವಿಚ್ ಇದೆಯೇ ಅಂತಲೂ ಕೇಳಿ. ಅದಿದ್ದರೆ ಗ್ರಾಫಿಕ್ಸ್ ಚಿಪ್ಪು ನೇರ ಪರದೆಗೆ ಚಿತ್ರ ಕಳಿಸುತ್ತದೆ, ಸ್ವಲ್ಪ ಫ್ರೇಮ್ ಜಾಸ್ತಿ ಬರುತ್ತದೆ. ಇಲ್ಲದಿದ್ದರೂ ಪರವಾಗಿಲ್ಲ. ಕೀಬೋರ್ಡಿನ ಬಣ್ಣದ ದೀಪಕ್ಕೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಸ್ಟೋರೇಜ್: ಎಷ್ಟು ಬೇಕು ಅನ್ನುವುದು ನಿಮ್ಮ ಊರಿನ ನೆಟ್ ಮೇಲೆ

ಮೊದಲು ಒಂದು ಮಾತು. ಎಸ್‌ಎಸ್‌ಡಿ ಎಷ್ಟೇ ವೇಗದ್ದಾದರೂ ಅದರಿಂದ ಫ್ರೇಮ್ ಜಾಸ್ತಿ ಆಗುವುದಿಲ್ಲ. ಆಟ ಬೇಗ ತೆರೆಯುತ್ತದೆ, ಹೊಸ ಜಾಗಕ್ಕೆ ಹೋದಾಗ ಕಾಯಿಸುವುದಿಲ್ಲ, ಅಷ್ಟೇ.

ಹಳೇ ಲ್ಯಾಪ್‌ಟಾಪ್‌ಗಳ ಹಾರ್ಡ್ ಡಿಸ್ಕ್ ಸೆಕೆಂಡಿಗೆ ಸುಮಾರು 100 ಎಂಬಿ ಓದುತ್ತದೆ. ಹಳೇ ಬಗೆಯ ಸಾಟಾ ಎಸ್‌ಎಸ್‌ಡಿ 550ರ ಹತ್ತಿರ. ಹೊಸ ಬಗೆಯ ಎನ್‌ವಿಎಂಇ ಎಸ್‌ಎಸ್‌ಡಿಯಲ್ಲಿ ಜೆನ್ 3 (ಮೂರನೇ ಪೀಳಿಗೆ) ಆದರೆ 3,500ರವರೆಗೆ, ಜೆನ್ 4 ಆದರೆ 7,000ರವರೆಗೆ. ಅಂಕಿ ನೋಡಿದರೆ ಜೆನ್ 4 ಬೇಕೇ ಬೇಕು ಅನ್ನಿಸುತ್ತದೆ. ಆದರೆ ಹಾರ್ಡ್ ಡಿಸ್ಕ್‌ನಿಂದ ಎಸ್‌ಎಸ್‌ಡಿಗೆ ಹೋದಾಗ ಕಾಣುವ ಬದಲಾವಣೆ ಜೆನ್ 3ರಿಂದ ಜೆನ್ 4ಕ್ಕೆ ಹೋದಾಗ ಕಾಣುವುದಿಲ್ಲ. ಆಟ ತೆರೆಯುವಾಗ ಬರೀ ಓದುವ ಕೆಲಸ ಇರುವುದಿಲ್ಲ, ಓದಿದ್ದನ್ನು ಬಿಚ್ಚಿ ಜೋಡಿಸುವುದು ಪ್ರೊಸೆಸರ್. ಹಾಗಾಗಿ ಜೆನ್ 4ಕ್ಕೆ ಅಂತ ಸುಮ್ನೆ ದುಡ್ಡು ಸುರಿಯಬೇಡಿ. ಆ ದುಡ್ಡನ್ನು ಗ್ರಾಫಿಕ್ಸ್‌ಗೆ ಹಾಕಿ. ಎಸ್‌ಎಸ್‌ಡಿ ಮಾತ್ರ ಇರಲೇಬೇಕು. ಬಾಲ್ಡರ್ಸ್ ಗೇಟ್ 3, ಸ್ಟಾರ್‌ಫೀಲ್ಡ್ ಥರದ ಆಟಗಳು ಎಸ್‌ಎಸ್‌ಡಿ ಬೇಕು ಅಂತ ಕನಿಷ್ಠ ಅಗತ್ಯದ ಪಟ್ಟಿಯಲ್ಲೇ ಬರೆದಿವೆ.

ಈಗ ಜಾಗದ ಲೆಕ್ಕ. 512 ಜಿಬಿ ಅಂತ ಕೊಂಡರೆ ವಿಂಡೋಸ್ ಅದನ್ನು 476 ಅಂತ ತೋರಿಸುತ್ತದೆ. ಮೋಸ ಅಲ್ಲ. ಕಂಪನಿ ಸಾವಿರದ ಲೆಕ್ಕದಲ್ಲಿ ಎಣಿಸುತ್ತದೆ, ವಿಂಡೋಸ್ 1,024ರ ಲೆಕ್ಕದಲ್ಲಿ ಎಣಿಸುತ್ತದೆ. 1 ಟಿಬಿ 931 ಆಗುವುದೂ ಹೀಗೇ. ವಿಂಡೋಸ್, ಅದರ ಅಪ್‌ಡೇಟ್, ರಿಕವರಿ ಭಾಗ, ಕಾಲೇಜಿನ ಕ್ಯಾಡ್ ಸಾಫ್ಟ್‌ವೇರ್ ಎಲ್ಲಾ ಸೇರಿ ನನ್ನ ಅನುಭವದಲ್ಲಿ 100 ಜಿಬಿ ಹೋಗುತ್ತದೆ. ಎಸ್‌ಎಸ್‌ಡಿಯನ್ನು ಕಂಠಪೂರ್ತಿ ತುಂಬಿದರೆ ನಿಧಾನವಾಗುತ್ತದೆ, ಹಾಗಾಗಿ ಹತ್ತರಲ್ಲಿ ಒಂದು ಪಾಲು ಖಾಲಿ ಬಿಡಬೇಕು. ಉಳಿಯುವುದು 325ರ ಆಸುಪಾಸು. ರೆಡ್ ಡೆಡ್ ರಿಡೆಂಪ್ಷನ್ 2 ಒಂದೇ 150 ಜಿಬಿ ಕೇಳುತ್ತದೆ. ಬಾಲ್ಡರ್ಸ್ ಗೇಟ್ 3 ಕೂಡ 150. ಎರಡಕ್ಕೇ ಮುಗಿಯಿತು.

"ಆಡಿ ಮುಗಿಸಿದ್ದನ್ನು ಅಳಿಸಿ, ಬೇಕಾದಾಗ ಮತ್ತೆ ಇಳಿಸಿಕೊಳ್ಳಿ" ಅಂತ ಎಲ್ಲರೂ ಸಲಹೆ ಕೊಡುತ್ತಾರೆ. ಮೈಸೂರಿನಲ್ಲಿ ಫೈಬರ್ ಇರುವ ಮನೆಗೆ ಇದು ಸರಿ. 100 ಎಂಬಿಪಿಎಸ್ ಇದ್ದರೆ 150 ಜಿಬಿ ಮೂರೂವರೆ ಗಂಟೆಯಲ್ಲಿ ಇಳಿಯುತ್ತದೆ. 40 ಎಂಬಿಪಿಎಸ್ ಇದ್ದರೂ ರಾತ್ರಿ ಹಾಕಿ ಮಲಗಿದರೆ ಬೆಳಿಗ್ಗೆಗೆ ಸಿದ್ಧ. ನಮ್ಮೂರಿನಲ್ಲಿ ಚೇತುಗೆ ಇರುವುದು ದಿನಕ್ಕೆ 2 ಜಿಬಿಯ ಮೊಬೈಲ್ ಡೇಟಾ. ಆ ಲೆಕ್ಕದಲ್ಲಿ ಒಂದು ಆಟ ಇಳಿಸಲು 75 ದಿನ ಬೇಕು! ಹೀಗಿರುವವರಿಗೆ ಇಳಿಸಿದ ಆಟ ಅಂದರೆ ಆಸ್ತಿ. ಅಳಿಸಲು ಮನಸ್ಸು ಬರುವುದಿಲ್ಲ. ನಗರದವರಿಗೆ 512 ಸಾಕಾದರೆ ಹಳ್ಳಿಯವರಿಗೆ 1 ಟಿಬಿ ಬೇಕು ಅಂತ ನಾನು ಹೇಳುವುದು ಇದಕ್ಕೇ.

ದುಡ್ಡಿಲ್ಲದಿದ್ದರೆ ಇನ್ನೊಂದು ದಾರಿ ಇದೆ. ಮನೆಯಲ್ಲಿ ಹಳೇ ಲ್ಯಾಪ್‌ಟಾಪ್ ಇದ್ದರೆ ಅದರ ಹಾರ್ಡ್ ಡಿಸ್ಕ್ ಬಿಚ್ಚಿ, ಒಂದು ಯುಎಸ್‌ಬಿ 3 ಕೇಸ್‌ಗೆ ಹಾಕಿಕೊಳ್ಳಿ. ಮೊದಲು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಅದರ ಆರೋಗ್ಯ ನೋಡಿ. 'ಗುಡ್' ಅಂತ ಬಂದರೆ ಆಡದ ಆಟಗಳನ್ನು ಅದರಲ್ಲಿ ಎತ್ತಿಡಿ. ಅದರಿಂದ ಆಡಬೇಡಿ, ಅದು ಕಣಜ ಅಷ್ಟೇ. ಬೇಕಾದಾಗ ಎಸ್‌ಎಸ್‌ಡಿಗೆ ತಂದುಕೊಳ್ಳಿ. ಸೆಕೆಂಡಿಗೆ 100 ಎಂಬಿ ಅಂದರೂ 150 ಜಿಬಿ 25 ನಿಮಿಷದಲ್ಲಿ ಬರುತ್ತದೆ. 75 ದಿನಕ್ಕೂ 25 ನಿಮಿಷಕ್ಕೂ ಎಷ್ಟು ವ್ಯತ್ಯಾಸ ನೋಡಿ.

512ನ್ನೇ ಕೊಳ್ಳುವುದಾದರೆ ಒಂದು ಶರತ್ತು: ಎರಡನೇ ಎಂ.2 ಸ್ಲಾಟ್ ಇರಲೇಬೇಕು. ಇದ್ದರೆ ವಿಂಡೋಸ್ ಇರುವ ಮೊದಲ ಎಸ್‌ಎಸ್‌ಡಿಯನ್ನು ಮುಟ್ಟದೆ ಪಕ್ಕದಲ್ಲಿ ಇನ್ನೊಂದು ಕೂರಿಸಬಹುದು. ಇಲ್ಲದಿದ್ದರೆ ಇರುವುದನ್ನು ತೆಗೆದು, ಎಲ್ಲಾ ಕಾಪಿ ಮಾಡಿ, ದೊಡ್ಡದನ್ನು ಹಾಕಬೇಕು. ಹಳೆಯದು ಕೈಯಲ್ಲಿ ಉಳಿಯುತ್ತದೆ. ಸ್ಲಾಟ್ ಇದೆಯೋ ಇಲ್ಲವೋ ಅನ್ನುವುದು ಕಂಪನಿಯ ಸರ್ವಿಸ್ ಮ್ಯಾನುಯಲ್‌ನಲ್ಲಿ ಚಿತ್ರದ ಸಮೇತ ಇರುತ್ತದೆ. ಎಷ್ಟು ಉದ್ದದ್ದು ಹಿಡಿಯುತ್ತದೆ ಅಂತಲೂ ನೋಡಿಕೊಳ್ಳಿ. 2280 ಅಂದರೆ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ. ಕೆಲವು ಲ್ಯಾಪ್‌ಟಾಪ್‌ನಲ್ಲಿ 2242 ಮಾತ್ರ ಹಿಡಿಯುತ್ತದೆ, ಅದು ಅಂಗಡಿಗಳಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಬಿಚ್ಚಿದರೆ ವಾರಂಟಿ ಉಳಿಯುತ್ತದೆಯೇ ಅಂತ ಕಂಪನಿಯ ಸಹಾಯವಾಣಿಗೆ ಇಮೇಲ್ ಹಾಕಿ, ಬಂದ ಉತ್ತರವನ್ನು ಇಟ್ಟುಕೊಳ್ಳಿ. ಬಾಯಿಮಾತು ಬೇಡ.

ಆದರೆ ಈಗ ಇನ್ನೊಂದು ಲೆಕ್ಕವನ್ನೂ ಹಾಕಲೇಬೇಕು. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಳ್ಳುತ್ತಿರುವುದರಿಂದ 2025ರ ಕೊನೆಯಿಂದ ರ್‍ಯಾಮ್ ಬೆಲೆಯೂ ಎಸ್‌ಎಸ್‌ಡಿ ಬೆಲೆಯೂ ಏರಿದೆ. ನಾವು ದೀಪಾವಳಿ ಹೊತ್ತಿಗೆ ಎರಡನೇ ಎಸ್‌ಎಸ್‌ಡಿ ಕೊಂಡೆವು, ಬಚಾವಾದೆವು. ನೀವು ಈಗ ಕೊಳ್ಳುವುದಾದರೆ ಅದೇ ಗ್ರಾಫಿಕ್ಸ್‌ನ 512 ಮತ್ತು 1 ಟಿಬಿ ಲ್ಯಾಪ್‌ಟಾಪ್‌ಗಳ ಬೆಲೆಯ ವ್ಯತ್ಯಾಸ ಎಷ್ಟು ನೋಡಿ. ಬಿಡಿ 1 ಟಿಬಿ ಎಸ್‌ಎಸ್‌ಡಿಯ ಬೆಲೆ ಎಷ್ಟು ನೋಡಿ. ವ್ಯತ್ಯಾಸ ಅದಕ್ಕಿಂತ ಕಡಿಮೆ ಇದ್ದರೆ ಈಗಲೇ 1 ಟಿಬಿ ತಗೊಳ್ಳಿ. 'ಅದೇ ಗ್ರಾಫಿಕ್ಸ್‌ನ' ಅನ್ನುವುದನ್ನು ಮರೆಯಬೇಡಿ. ಗ್ರಾಫಿಕ್ಸ್ ಇಳಿಸಿ ಸ್ಟೋರೇಜ್ ಏರಿಸುವುದಾದರೆ ಬೇಡವೇ ಬೇಡ.

ಬಿಡಿ ಎಸ್‌ಎಸ್‌ಡಿ ಕೊಳ್ಳುವಾಗ ಟಿಎಲ್‌ಸಿ, ಕ್ಯೂಎಲ್‌ಸಿ ಅಂತ ಎರಡು ಬಗೆ ಕಾಣುತ್ತವೆ. ಕ್ಯೂಎಲ್‌ಸಿ ಅಗ್ಗ. ಒಂದೇ ಸಲ ತುಂಬಾ ಬರೆದರೆ ನಿಧಾನವಾಗುತ್ತದೆ, ಬಾಳಿಕೆಯ ಅಂಕಿಯೂ ಕಡಿಮೆ. ಉದಾಹರಣೆಗೆ 1 ಟಿಬಿಯ ಸ್ಯಾಮ್‌ಸಂಗ್ 980ಕ್ಕೆ 600 ಟಿಬಿ ಬರೆಯುವವರೆಗೆ ವಾರಂಟಿ, ಅದು ಟಿಎಲ್‌ಸಿ. ಕ್ಯೂಎಲ್‌ಸಿ ಆದ ಕ್ರೂಶಿಯಲ್ ಪಿ3ಯ 1 ಟಿಬಿಗೆ 220 ಟಿಬಿ. 220 ಕಡಿಮೆ ಅನ್ನಿಸಿದರೆ ಲೆಕ್ಕ ಹಾಕಿ: 150 ಜಿಬಿಯ ಆಟವನ್ನು 1,400 ಸಲ ಇಳಿಸಿದರೂ ಅಷ್ಟಾಗುವುದಿಲ್ಲ. ಬರೀ ಆಟ ಇಡುವ ಎರಡನೇ ಎಸ್‌ಎಸ್‌ಡಿ ಕ್ಯೂಎಲ್‌ಸಿ ಆದರೂ ನಡೆಯುತ್ತದೆ. ವಿಂಡೋಸ್ ಇರುವುದಕ್ಕೆ, ವಿಡಿಯೊ ಎಡಿಟ್ ಮಾಡುವವರಿಗೆ ಟಿಎಲ್‌ಸಿ ಇರಲಿ. ಹೆಸರೇ ಕೇಳದ ಬ್ರ್ಯಾಂಡ್ ಅರ್ಧ ಬೆಲೆಗೆ ಸಿಕ್ಕರೂ ಬೇಡ. ಬಿಲ್ ಇಲ್ಲದ ಎಸ್‌ಎಸ್‌ಡಿಯಂತೂ ಮುಟ್ಟಲೇಬೇಡಿ, ಅದು ಬೆಂಗಳೂರಿನ ಎಸ್‌ಪಿ ರಸ್ತೆಯಿಂದ ಬಂದಿದ್ದರೂ ಸರಿ, ಮನೆ ಬಾಗಿಲಿಗೆ ಬಂದಿದ್ದರೂ ಸರಿ.

ರ್‍ಯಾಮ್ ಬಗ್ಗೆ ಎರಡು ಮಾತು. 16 ಜಿಬಿ ಇರಲಿ. ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿ ಮೇಲೆ ಒತ್ತಿದರೆ 'ಸ್ಲಾಟ್ಸ್ ಯೂಸ್ಡ್' ಅಂತ ಕಾಣುತ್ತದೆ. ಒಂದೇ ಸ್ಲಾಟ್‌ನಲ್ಲಿ 16 ಇರುವುದಕ್ಕಿಂತ ಎರಡರಲ್ಲಿ 8, 8 ಇದ್ದರೆ ಆಟ ಚೆನ್ನಾಗಿ ಓಡುತ್ತದೆ. ಪರದೆ 144 ಹರ್ಟ್ಜ್, ಅಂದರೆ ಸೆಕೆಂಡಿಗೆ 144 ಸಲ ಚಿತ್ರ ಬದಲಾಯಿಸುವಂಥದ್ದು, ಇದ್ದರೆ ಸಾಕು.

ದೀಪಾವಳಿಗೆ ಎರಡನೇ ಎಸ್‌ಎಸ್‌ಡಿ

ಚೇತು ಹಬ್ಬಕ್ಕೆ ಊರಿಗೆ ಹೋಗುವ ದಾರಿಯಲ್ಲಿ ಅಂಗಡಿಗೆ ಬಂದ. ಕೈಯಲ್ಲಿ 1 ಟಿಬಿ ಎಸ್‌ಎಸ್‌ಡಿ. "ನೀನೇ ಹಾಕು, ನಾನು ಪಕ್ಕದಲ್ಲಿ ಇರ್ತೀನಿ" ಅಂದೆ. ನೀವೂ ಮಾಡಬಹುದು, ಅವಸರ ಮಾತ್ರ ಬೇಡ.

ಮೊದಲು ಮೈಕ್ರೋಸಾಫ್ಟ್ ಖಾತೆಗೆ ಹೋಗಿ ಬಿಟ್‌ಲಾಕರ್ ರಿಕವರಿ ಕೀ ಬರೆದಿಟ್ಟುಕೊಳ್ಳಿ. ವಿಂಡೋಸ್ 11 ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಡ್ರೈವ್‌ಗೆ ತಾನೇ ಬೀಗ ಹಾಕಿರುತ್ತದೆ. ಒಳಗೆ ಕೈ ಹಾಕಿದ ಮೇಲೆ ಆ 48 ಅಂಕಿ ಕೇಳಿದರೂ ಕೇಳಬಹುದು. ನಂತರ ಪೂರ್ತಿ ಶಟ್‌ಡೌನ್ ಮಾಡಿ. ಮುಚ್ಚಳ ಮುಚ್ಚಿ ನಿದ್ದೆಗೆ ಕಳಿಸಿದರೆ ಸಾಲದು. ಚಾರ್ಜರ್ ತೆಗೆಯಿರಿ. ಮೇಜಿನ ಮೇಲೆ ಒಂದು ಟವೆಲ್ ಹಾಸಿ ಲ್ಯಾಪ್‌ಟಾಪ್ ಬೋರಲು ಹಾಕಿ.

ಸ್ಕ್ರೂಗಳು ಹತ್ತರ ಮೇಲೇ ಇರುತ್ತವೆ, ಎಲ್ಲವೂ ಒಂದೇ ಉದ್ದ ಇರುವುದಿಲ್ಲ. ನಾನು ಒಂದು ಹಾಳೆಯ ಮೇಲೆ ಲ್ಯಾಪ್‌ಟಾಪ್‌ನ ಆಕಾರ ಬರೆದು, ಯಾವ ಸ್ಕ್ರೂ ಎಲ್ಲಿಂದ ಬಂತೋ ಅಲ್ಲೇ ಇಡಿಸುತ್ತೇನೆ. ಉದ್ದದ್ದನ್ನು ಗಿಡ್ಡದರ ಜಾಗಕ್ಕೆ ತಿರುಗಿಸಿ ಮೇಲ್ಭಾಗವನ್ನೇ ತೂತು ಮಾಡಿಕೊಂಡು ಬಂದವರನ್ನು ನೋಡಿದ್ದೇನೆ. ಮುಚ್ಚಳ ಕ್ಲಿಪ್‌ಗಳಿಂದ ಕಚ್ಚಿಕೊಂಡಿರುತ್ತದೆ. ಸ್ಕ್ರೂಡ್ರೈವರ್‌ನಿಂದ ಮೀಟಬೇಡಿ. ಹಳೇ ಎಟಿಎಂ ಕಾರ್ಡ್ ಸಾಕು. ಒಂದು ಮೂಲೆಯಿಂದ ಸರಿಸುತ್ತಾ ಹೋದರೆ ಪಟ್ ಪಟ್ ಅಂತ ಬಿಡುತ್ತದೆ. ಆ ಶಬ್ದಕ್ಕೆ ಚೇತು ಬೆಚ್ಚಿದ. ಒಡೆದದ್ದಲ್ಲ, ಅದರ ಶಬ್ದವೇ ಹಾಗೆ.

ಒಳಗೆ ಕಂಡ ತಕ್ಷಣ ಮಾಡಬೇಕಾದದ್ದು ಬ್ಯಾಟರಿಯ ಕನೆಕ್ಟರ್ ಬಿಡಿಸುವುದು. ವೈರು ಹಿಡಿದು ಎಳೆಯದೆ ಕನೆಕ್ಟರನ್ನೇ ಉಗುರಿನಿಂದ ಹಿಂದಕ್ಕೆ ಸರಿಸಿ. ಕೈಯನ್ನು ಒಂದು ಸಲ ಕಬ್ಬಿಣದ ಕಿಟಕಿಗೋ ಬೀರುವಿಗೋ ಮುಟ್ಟಿಸಿ, ಮೈಮೇಲಿನ ಸ್ಟಾಟಿಕ್ ಕರೆಂಟ್ ಇಳಿಯಲಿ. ಈಗ ಖಾಲಿ ಸ್ಲಾಟ್ ನೋಡಿ. ಎಸ್‌ಎಸ್‌ಡಿಯ ಚಿನ್ನದ ಬಣ್ಣದ ಹಲ್ಲುಗಳ ನಡುವೆ ಒಂದು ಸೀಳು ಇರುತ್ತದೆ. ಅದು ಸ್ಲಾಟ್‌ನ ಗೆರೆಗೆ ಹೊಂದಬೇಕು. ಸ್ವಲ್ಪ ಓರೆಯಾಗಿ ಹಿಡಿದು ಒಳಕ್ಕೆ ತಳ್ಳಿದರೆ ಕೂರುತ್ತದೆ. ಕೈ ಬಿಟ್ಟಾಗ ಇನ್ನೊಂದು ತುದಿ ಮೇಲಕ್ಕೆ ಎದ್ದು ನಿಂತಿರುತ್ತದೆ, ಅದು ಸರಿಯಾದ ಗುರುತು. ಆ ತುದಿಯನ್ನು ಬೆರಳಿಂದ ಮೆಲ್ಲಗೆ ಒತ್ತಿ ಸ್ಕ್ರೂ ಹಾಕಿ. ಚೇತುವಿನ ಲ್ಯಾಪ್‌ಟಾಪ್‌ನಲ್ಲಿ ಆ ಸ್ಕ್ರೂ ಇರಲೇ ಇಲ್ಲ. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಖಾಲಿ ಸ್ಲಾಟ್‌ಗೆ ಸ್ಕ್ರೂ ಕೊಟ್ಟಿರುವುದಿಲ್ಲ. ನನ್ನ ಡಬ್ಬಿಯಲ್ಲಿತ್ತು. ನೀವು ಎಸ್‌ಎಸ್‌ಡಿ ಕೊಳ್ಳುವಾಗಲೇ ಎಂ.2 ಸ್ಕ್ರೂ ಒಂದು ಕೇಳಿ ತೆಗೆದುಕೊಳ್ಳಿ. ಇಲ್ಲದಿದ್ದರೆ ಎಲ್ಲಾ ಬಿಚ್ಚಿಟ್ಟುಕೊಂಡು ಅಂಗಡಿ ಅಂಗಡಿ ಅಲೆಯಬೇಕಾಗುತ್ತದೆ.

ಬ್ಯಾಟರಿ ಕನೆಕ್ಟರ್ ಮತ್ತೆ ಸೇರಿಸಿ, ಮುಚ್ಚಿ. ಮೊದಲ ಸಲ ಆನ್ ಮಾಡುವಾಗ ಚಾರ್ಜರ್ ಹಾಕಿ, ಕೆಲವು ಲ್ಯಾಪ್‌ಟಾಪ್ ಅದಿಲ್ಲದೆ ಏಳುವುದಿಲ್ಲ.

ವಿಂಡೋಸ್ ತೆರೆದಾಗ ಹೊಸ ಡ್ರೈವ್ ಕಾಣಲಿಲ್ಲ. ಚೇತುವಿನ ಮುಖ ಬಾಡಿತು. "ಅಕ್ಕ, ಹಾಳಾಗೋಯ್ತಾ?" ಏನೂ ಆಗಿರಲಿಲ್ಲ. ಹೊಸ ಡ್ರೈವ್ ತಾನಾಗಿ ಕಾಣಿಸುವುದಿಲ್ಲ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಇನಿಷಿಯಲೈಸ್ ಮಾಡಲೇ ಅಂತ ಕೇಳುತ್ತದೆ, ಜಿಪಿಟಿ ಆರಿಸಿ. ಕಪ್ಪು ಪಟ್ಟಿಯ ಮೇಲೆ ರೈಟ್ ಕ್ಲಿಕ್ ಮಾಡಿ 'ನ್ಯೂ ಸಿಂಪಲ್ ವಾಲ್ಯೂಮ್' ಕೊಟ್ಟು, ಎನ್‌ಟಿಎಫ್‌ಎಸ್ ಇಟ್ಟು ಮುಂದೆ ಮುಂದೆ ಒತ್ತಿ. ಡಿ ಡ್ರೈವ್ ಬಂತು, 931 ಜಿಬಿ.

ಆಟ ಕೊಂಡು ಇಳಿಸಿಕೊಳ್ಳುವ ಸ್ಟೀಮ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಸೆಟ್ಟಿಂಗ್ಸ್ ಒಳಗೆ ಸ್ಟೋರೇಜ್‌ಗೆ ಹೋಗಿ ಡಿ ಡ್ರೈವ್ ಸೇರಿಸಿ. ಆಮೇಲೆ ಆಟದ ಮುಂದೆ ಗುರುತು ಹಾಕಿ 'ಮೂವ್' ಒತ್ತಿದರೆ ಸಾಕು. ಮತ್ತೆ ಇಳಿಸುವುದು ಬೇಡ, ಡೇಟಾ ಖರ್ಚಾಗುವುದಿಲ್ಲ, ಸೇವ್ ಮಾಡಿದ ಆಟವೂ ಹಾಗೇ ಇರುತ್ತದೆ. ಕಾಲೇಜಿನ ವೈಫೈನಲ್ಲಿ ತಿಂಗಳುಗಟ್ಟಲೆ ಕೂತು ಇಳಿಸಿಕೊಂಡಿದ್ದ 150 ಜಿಬಿ ನಾವು ಕಾಫಿ ಕುಡಿದು ಮುಗಿಸುವ ಹೊತ್ತಿಗೆ ಡಿ ಡ್ರೈವ್‌ನಲ್ಲಿತ್ತು. ಚೇತು ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿಕೊಂಡು, ಚಾರ್ಜರ್ ಮರೆಯದೆ ತೆಗೆದುಕೊಂಡು, ಐದೂವರೆಯ ಪಾಂಡವಪುರದ ಬಸ್ಸಿಗೆ ಓಡಿದ.